ಉಳ್ಳಾಲದ ಕಡಲ್ಕೊರೆತ

ಉಳ್ಳಾಲದ ಕಡಲ್ಕೊರೆತವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಿಂದ ದಕ್ಷಿಣಕ್ಕೆ ಚಾಚಿರುವ ತೀರವನ್ನು ಹಲವು ದಶಕಗಳಿಂದ ಕಾಡುತ್ತಿರುವ ಸಮಸ್ಯೆಯಾಗಿದೆ. ಕೋಟೆಪುರ, ಮೊಗವೀರಪಟ್ಣ, ಸೋಮೇಶ್ವರ ಮತ್ತು ಉಚ್ಚಿಲ ಇದಕ್ಕೆ ತುತ್ತಾದ ಪ್ರದೇಶಗಳು. ಉಡುಪಿ ಜಿಲ್ಲೆಯ ಉಚ್ಚಿಲ ಬೇರೆ ಊರು.

ಕಾರಣಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರಿನಲ್ಲಿ ದೊಡ್ಡ ಅಲೆಗಳು ತೀರದ ಮರಳನ್ನು ಕೊರೆದು ಸಮುದ್ರದೊಳಕ್ಕೆ ಒಯ್ಯುತ್ತವೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದರ ಬಹುಭಾಗವನ್ನು ಹಿಂದಕ್ಕೆ ತಂದು ಹಾಕುತ್ತವೆ. ಇದು ಸಹಜವಾದ ವಾರ್ಷಿಕ ಚಕ್ರ. ಆದುದರಿಂದ ಮಳೆಗಾಲದಲ್ಲಿ ಕಿರಿದಾದ ತೀರವೆಲ್ಲವೂ ಶಾಶ್ವತವಾಗಿ ನಷ್ಟವಾಯಿತೆಂದು ಹೇಳಲಾಗದು. ಹೋದ ಮರಳು ಹಿಂದಿರುಗದಿದ್ದಾಗಲಷ್ಟೇ ತೀರ ನಿಜವಾಗಿ ಸವೆಯುತ್ತದೆ.

ಮೀನುಗಾರಿಕಾ ದೋಣಿಗಳ ಸುರಕ್ಷಿತ ಸಂಚಾರಕ್ಕಾಗಿ ಅಳಿವೆಯ ಎರಡೂ ಬದಿಗಳಲ್ಲಿ ಬ್ರೇಕ್‌ವಾಟರ್ ಎಂಬ ಕಲ್ಲಿನ ಅಲೆತಡೆಗಳನ್ನು ಕಟ್ಟಲಾಗಿದೆ. ಇವು ತೀರದುದ್ದಕ್ಕೂ ಸಾಗುವ ಮರಳಿನ ದಾರಿಯನ್ನು ಕಡಿಯುತ್ತವೆ. ನದಿಗಳಲ್ಲಿ ಮರಳುಗಾರಿಕೆ ಮತ್ತು ಕಿಂಡಿ ಅಣೆಕಟ್ಟುಗಳಿಂದಾಗಿಯೂ ಕಡಲಿಗೆ ಸೇರಬೇಕಾದ ಮರಳಿನ ಪ್ರಮಾಣ ತಗ್ಗುತ್ತದೆ.

ತಡೆ ಕಾಮಗಾರಿ

ಕರಾವಳಿಯಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮವೆಂದರೆ ದೊಡ್ಡ ಕಲ್ಲುಗಳನ್ನು ಸುರಿದು ತಡೆಗೋಡೆ ಕಟ್ಟುವುದು. ಇದು ಹಿಂದಿರುವ ಮನೆಯನ್ನು ಕೆಲಕಾಲ ಉಳಿಸಬಲ್ಲುದು, ಆದರೆ ಮುಂದಿನ ಮರಳ ದಂಡೆಯನ್ನು ಉಳಿಸದು. ಗೋಡೆಗೆ ಬಡಿದ ಅಲೆ ಬುಡದ ಮರಳನ್ನೇ ಕೆದಕುತ್ತದೆ, ಕಲ್ಲುಗಳು ಕುಸಿಯುತ್ತವೆ. ಗೋಡೆ ಮುಗಿಯುವಲ್ಲಿ ಕೊರೆತ ತೀವ್ರಗೊಳ್ಳುತ್ತದೆ. ಹೀಗೆ ಒಂದು ಕೇರಿಯ ರಕ್ಷಣೆ ಪಕ್ಕದ ಕೇರಿಯ ಸಂಕಟವಾಗುವುದುಂಟು. ನಾಡದೋಣಿಗಳನ್ನು ಎಳೆದಿಡಲು, ಬಲೆ ಹರವಲು ಮೀನುಗಾರರಿಗೆ ಜಾಗವೂ ಇಲ್ಲದಾಗುತ್ತದೆ.

ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಕರಾವಳಿ ಸಂರಕ್ಷಣೆಗೆ ನೆರವು ಮಂಜೂರು ಮಾಡಿತು. ಅದರಡಿ ಉಳ್ಳಾಲದಲ್ಲಿ ಅಲೆತಡೆಗಳನ್ನು ದುರಸ್ತಿಗೊಳಿಸಿ, ಸಮುದ್ರದಲ್ಲಿ ನೀರಿನಡಿಯ ದಿಬ್ಬಗಳನ್ನು, ಅಂದರೆ ರೀಫ್‌ಗಳನ್ನು ನಿರ್ಮಿಸಲಾಯಿತು. ಅಲೆಯ ಬಲವನ್ನು ದಡಕ್ಕೆ ಬರುವ ಮೊದಲೇ ಮುರಿಯುವುದು ಇವುಗಳ ಉದ್ದೇಶ. ಆದರೂ ದಕ್ಷಿಣದ ಸೋಮೇಶ್ವರ, ಉಚ್ಚಿಲ ಭಾಗಗಳಲ್ಲಿ ಕೊರೆತ ನಿಂತಿಲ್ಲ.

ಹವಾಮಾನ ಬದಲಾವಣೆ ಮತ್ತು ತೀರ ಯೋಜನೆ

1901ರಿಂದ 2018ರ ನಡುವೆ ಜಾಗತಿಕ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಮಟ್ಟ ಏರಿದಷ್ಟೂ ಅಲೆಗಳು ಒಳನಾಡಿನತ್ತ ಹೆಚ್ಚು ದೂರ ತಲಪುತ್ತವೆ. ಅರಬ್ಬೀ ಸಮುದ್ರದಲ್ಲಿ ತೀವ್ರ ಚಂಡಮಾರುತಗಳೂ ಹೆಚ್ಚುತ್ತಿವೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತವು ಮುಂಗಾರಿಗೆ ಮೊದಲೇ ಈ ತೀರವನ್ನು ಹಾನಿಗೊಳಿಸಿತು.

ಕಟ್ಟಡಗಳನ್ನು ತೀರದಿಂದ ದೂರವಿಡುವುದು ಅಗ್ಗದ ಉಪಾಯ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಗ್ರಾಮೀಣ ತೀರದಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್‌ವರೆಗೆ ಅಭಿವೃದ್ಧಿ ನಿಷೇಧಿಸಿತ್ತು. 2019ರ ಅಧಿಸೂಚನೆಯು ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯ ಗ್ರಾಮೀಣ ಪ್ರದೇಶಗಳಿಗೆ ಇದನ್ನು 50 ಮೀಟರ್‌ಗೆ ಇಳಿಸಿತು. ಇಕ್ಕಟ್ಟಿನಲ್ಲಿ ಬಾಳುವವರಿಗೆ ಮನೆ ಕಟ್ಟಲು ಇದರಿಂದ ಅವಕಾಶವಾದರೂ, ಸರಿಯುತ್ತಿರುವ ತೀರದಲ್ಲಿ ಈ ಅಂತರ ತೀರ ಕಡಿಮೆ.