ಕೂಡಿ ಓದುವ ಕನ್ನಡಿಗರು

ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗವು ಹೇಳುವುದನ್ನು ನಮ್ಮಲ್ಲಿ ಬಹುಮಂದಿ ಶಾಲೆಯಲ್ಲಿ ಓದಿದ್ದೇವೆ. ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿ ಕೇಳುತ್ತಲೂ ಬಂದಿದ್ದೇವೆ. ಆ ಗೋದಾವರಿ ಹುಟ್ಟುವುದು ತ್ರ್ಯಂಬಕೇಶ್ವರದಲ್ಲಿ. ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ರಸ್ತೆಯ ಮೇಲೆಯೇ ನಮ್ಮ ಸಾತಪುರ ಇದೆ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ಕಾಲದ ಕುರುಹನ್ನು ಕಾಣಬೇಕಾದರೂ ದೂರ ಹೋಗಬೇಕಾಗಿಲ್ಲ. ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದಲ್ಲಿ ಒಂದೇ ಬಂಡೆಯನ್ನು ಕಡೆದು ಮಾಡಿದ ಕೈಲಾಸ ದೇವಾಲಯವು ಆ ವಂಶದ ಒಂದನೆಯ ಕೃಷ್ಣನ ಹೆಸರಿನೊಂದಿಗೆ ಕೂಡಿಕೊಂಡಿದೆ.

ಎಲ್ಲೆಯ ವಾದವನ್ನು ಎತ್ತುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಆ ಗ್ರಂಥದಲ್ಲಿ ಇನ್ನೊಂದು ಮಾತುಂಟು. ನಮ್ಮ ಇಂದಿನ ವಿಷಯಕ್ಕೆ ಅದೇ ಹೆಚ್ಚು ಮುಖ್ಯ. ಕ್ರಮವಾಗಿ ಕುಳಿತು ಓದಿ ಕಲಿಯದವರೂ ಕನ್ನಡ ನಾಡಿನಲ್ಲಿ ಕಾವ್ಯವನ್ನು ಬಲ್ಲವರಾಗಿದ್ದರೆಂದು ಅದು ಹೆಮ್ಮೆಪಡುತ್ತದೆ. ಓದದವರು ಕಾವ್ಯವನ್ನು ಬಲ್ಲವರಾಗುವುದು ಹೇಗೆ? ಓದಬಲ್ಲವನೊಬ್ಬನು ಗಟ್ಟಿಯಾಗಿ ಓದಿದಾಗ, ಹತ್ತು ಮಂದಿ ಕುಳಿತು ಕೇಳಿದಾಗ ಮಾತ್ರ. ಕನ್ನಡದ ಓದು ಆದಿಯಿಂದಲೂ ಒಂಟಿ ಕೋಣೆಯ ಓದಾಗಿರಲಿಲ್ಲ.

ಈ ಕೆಲವು ವರ್ಷಗಳಿಂದ ಜಾಲದ ಓದುಗರ ಕೂಟಗಳು ಕನ್ನಡದಲ್ಲಿ ಹೆಚ್ಚುತ್ತಿವೆ. ತಿಂಗಳಿಗೊಂದು ಪುಸ್ತಕವನ್ನು ಗೊತ್ತುಮಾಡಿಕೊಂಡು, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಓದಿ, ಒಂದು ಭಾನುವಾರ ಸಂಜೆ ಮೊಬೈಲು ಅಥವಾ ಗಣಕದ ಮುಂದೆ ಕೂಡಿ ಮಾತನಾಡುವ ಏರ್ಪಾಡು ಇದು. ಇದನ್ನು ಹೊಸ ಕಾಲದ ಹವ್ಯಾಸವೆಂದು ತಿಳಿದವರುಂಟು. ಚರಿತ್ರೆಯನ್ನು ತಿರುವಿದರೆ, ಇದು ನಮ್ಮ ಬಹು ಹಳೆಯ ಪದ್ಧತಿಯೇ ಹೊಸ ವೇಷ ತೊಟ್ಟು ಬಂದದ್ದೆಂದು ತೋರುತ್ತದೆ.

ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪುಸ್ತಕವೆಂದರೆ ತಾಳೆಗರಿಯ ಕಟ್ಟು. ಒಂದು ಪ್ರತಿಯಾಗಬೇಕಾದರೆ ಲಿಪಿಕಾರನೊಬ್ಬನು ಎಷ್ಟೋ ದಿನ ಕಂಠವನ್ನು ಹಿಡಿದು ಕೊರೆಯಬೇಕು. ಅಂಥ ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. 993ರಲ್ಲಿ ರನ್ನನು ತನ್ನ ಅಜಿತಪುರಾಣವನ್ನು ರಚಿಸಿದ್ದೂ ಆಕೆಯ ಆಶ್ರಯದಲ್ಲೇ. ಕಾವ್ಯವನ್ನು ಬರೆಸಿದರೆ ಸಾಲದು, ಅದು ಓದುವವರ ಕೈಸೇರಬೇಕು ಎಂದು ಅರಿತಿದ್ದ ಆ ತಾಯಿಯನ್ನು ಕನ್ನಡ ಓದುಗರ ಕೂಟಗಳ ಆದ್ಯ ಪೋಷಕಳೆಂದು ಕರೆದರೆ ತಪ್ಪಾಗಲಾರದು.

ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಹಳ್ಳಿಹಳ್ಳಿಗಳಲ್ಲಿ ಬದುಕಿದ್ದು ಗಮಕದಿಂದ. ಗುಡಿಯ ಪೌಳಿಯಲ್ಲೋ ಮನೆಯ ಪಡಸಾಲೆಯಲ್ಲೋ ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುವರು. ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವರು. ಹೊಲದಿಂದ ಬಂದವರು, ಅಡಿಗೆ ಮುಗಿಸಿದ ಹೆಂಗಸರು, ಮಕ್ಕಳು ಸುತ್ತ ಕುಳಿತು ಕೇಳುವರು. ಇಲ್ಲಿ ಅಕ್ಷರ ಬಲ್ಲವನು ಒಬ್ಬನಿದ್ದರೂ ಓದುಗರು ಐವತ್ತು ಮಂದಿ. ಈ ಕಲೆ ಇಂದಿಗೂ ಅಳಿದಿಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಅಚ್ಚು ಬಂದ ಮೇಲೆ ಪುಸ್ತಕಗಳೇನೋ ಹೆಚ್ಚಿದವು. ಓದುಗರನ್ನು ಹುಡುಕುವ ಕಷ್ಟ ಮಾತ್ರ ತಪ್ಪಲಿಲ್ಲ. ಧಾರವಾಡ ಸೀಮೆ ಆಗ ನಾಸಿಕದಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ವಿದ್ಯಾವಂತರಲ್ಲಿ ಮರಾಠಿಯ ಪ್ರಭಾವ ಬಲವಾಗಿದ್ದ ಆ ಕಾಲದಲ್ಲಿ, 1890ರ ಜುಲೈ 20ರಂದು, ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಕನ್ನಡ ಗ್ರಂಥಗಳನ್ನು ಬರೆಸುವುದು, ಪ್ರಕಟಿಸುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. 1896ರಿಂದ ಅದು ‘ವಾಗ್ಭೂಷಣ’ ಪತ್ರಿಕೆಯನ್ನು ಹೊರಡಿಸಿತು.

ಆದರೆ ಪುಸ್ತಕವನ್ನು ಓದುಗನ ಬಾಗಿಲಿಗೆ ಒಯ್ದವರೆಂದರೆ ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಕಾಲ 1869ರಿಂದ 1942. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ‘ಮಾಧವ ಕರುಣಾವಿಲಾಸ’ದಂಥ ಸ್ವತಂತ್ರ ಕೃತಿಯನ್ನೂ ಬರೆದರು. ಬರೆದು ಸುಮ್ಮನೆ ಕೂಡಲಿಲ್ಲ. ಪುಸ್ತಕದ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಲಿಯಿಂದ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದಂತೆ, ಇತ್ತ ಗಳಗನಾಥರು ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದರು. ಮಹಾರಾಷ್ಟ್ರದಲ್ಲಿ ಬದುಕು ಕಟ್ಟಿಕೊಂಡಿರುವ ನಾವು ಒಂದನ್ನು ನೆನೆಯಬೇಕು: ಕನ್ನಡ ಓದುಗನಿಗೆ ಕಾದಂಬರಿಯ ರುಚಿ ಹತ್ತಿದ್ದರಲ್ಲಿ ಮರಾಠಿಯ ಋಣವೂ ಇದೆ.

1922ರಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕಟ್ಟಿಕೊಂಡಿತು. ಬೇಂದ್ರೆಯವರ ಮನೆಮಾತು ಮರಾಠಿ. ಗುಂಪಿನಲ್ಲಿದ್ದವರೋ ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಮೊದಲಾದವರು. ಬರೆದದ್ದನ್ನು ಗೆಳೆಯರೆದುರು ಓದುವುದು, ಅವರು ಮೆಚ್ಚಿದರೆ ಹಿಗ್ಗುವುದು, ಒಪ್ಪದಿದ್ದರೆ ವಾದಿಸುವುದು ಅವರ ನಿತ್ಯದ ವ್ಯವಹಾರ. ಇವರಲ್ಲಿ ಹಲವರು ನಾಡಿನ ದೊಡ್ಡ ಹೆಸರುಗಳಾದದ್ದು ಆಮೇಲಿನ ಮಾತು. ಮೊದಲು ಅವರು ಒಬ್ಬರಿಗೊಬ್ಬರು ಓದುಗರಾಗಿದ್ದರು.

ಅದೇ ಬಳಗದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ವ್ಯವಸ್ಥೆ ಗಮನಿಸಬೇಕಾದದ್ದು. ಓದುಗರು ಮೊದಲೇ ಚಂದಾ ಕಟ್ಟಬೇಕು. ಮಾಲೆಯ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುವುವು. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಹಣ ಕೊಡುವವನು ಬರೀ ಗಿರಾಕಿಯಲ್ಲ, ಪಾಲುದಾರ. ಆ ಚಂದಾದಾರರ ವಿಶ್ವಾಸದ ಮೇಲೆಯೇ ಗ್ರಂಥಮಾಲೆ ಬಾಳಿತು. ಗಿರೀಶ ಕಾರ್ನಾಡರ ‘ಯಯಾತಿ’ (1961), ‘ತುಘಲಕ್’ (1964) ಅಲ್ಲಿಂದಲೇ ಹೊರಬಂದವು. ಗ್ರಂಥಮಾಲೆಯ ‘ಅಟ್ಟ’ವಂತೂ ಸಾಹಿತಿಗಳು ಕೂಡಿ ಹರಟುವ ಜಾಗವೆಂದು ಹೆಸರಾಯಿತು.

ಹೊರದೇಶದಲ್ಲೂ ಇಂಥದೇ ಸಂಗತಿ ನಡೆದಿತ್ತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಕೈಕಸುಬಿನವರನ್ನೂ ವ್ಯಾಪಾರಿಗಳನ್ನೂ ಸೇರಿಸಿ ಚರ್ಚಾಕೂಟವೊಂದನ್ನು ಕಟ್ಟಿದ. ಒಬ್ಬೊಬ್ಬರಿಗೆ ಕೊಳ್ಳಲಾಗದಷ್ಟು ಪುಸ್ತಕಗಳನ್ನು ಎಲ್ಲರೂ ಹಣ ಕೂಡಿಸಿ ಕೊಳ್ಳಬಹುದೆಂದು 1731ರಲ್ಲಿ ಚಂದಾ ಪುಸ್ತಕಾಲಯವನ್ನು ತೆರೆದರು. ನಮ್ಮ ನಾಸಿಕದ ಸಾರ್ವಜನಿಕ ವಾಚನಾಲಯವೇನು ಕಡಿಮೆ ಹಳೆಯದಲ್ಲ, ಅದು 1840ರದು.

ಇನ್ನು ಊರು ಬಿಟ್ಟು ಬಂದ ಕನ್ನಡಿಗರ ಮಾತು. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಅಲ್ಲಿ ಹುಟ್ಟಿದವು. ಯಶವಂತ ಚಿತ್ತಾಲರಂಥವರು ಉದ್ಯೋಗದ ನಡುವೆಯೇ ಅದೇ ನಗರದಲ್ಲಿ ಕುಳಿತು ‘ಶಿಕಾರಿ’ (1979) ಬರೆದರು. ಸೊಲ್ಲಾಪುರದಲ್ಲಿ ಬೇಂದ್ರೆಯವರು 1944ರಿಂದ 1956ರವರೆಗೆ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಹೀಗೆ ದೊಡ್ಡ ಊರುಗಳಲ್ಲಿ ಕನ್ನಡಿಗರಿಗೆ ಸಂಘವಿತ್ತು, ಶಾಲೆಯಿತ್ತು, ಸಾಹಿತಿಗಳ ಸಹವಾಸವಿತ್ತು. ಚಿಕ್ಕ ಕೈಗಾರಿಕಾ ಊರುಗಳಿಗೆ ಹೋದವರಿಗೆ ಅಂಚೆಯಣ್ಣನೇ ಗತಿ. ‘ಕಸ್ತೂರಿ’ (1956), ‘ಸುಧಾ’ (1965), ‘ಮಯೂರ’ (1968) ಇವುಗಳ ಒಂದೊಂದು ಸಂಚಿಕೆ ನಾಲ್ಕಾರು ಮನೆ ಸುತ್ತಿ ಬರುತ್ತಿತ್ತು. ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ದಾರದಲ್ಲಿ ಹೊಲಿದು, ಪುಸ್ತಕ ಮಾಡಿ ಇಟ್ಟುಕೊಂಡ ತಾಯಂದಿರು ಎಷ್ಟು ಮಂದಿ! ಊರಿಗೆ ಹೋದಾಗ ತ್ರಿವೇಣಿಯವರ ಕಾದಂಬರಿಯೊಂದನ್ನು ತಂದರೆ, ಅದರ ಹೊದಿಕೆ ಹರಿದುಹೋಗುವವರೆಗೆ ಕೈಯಿಂದ ಕೈಗೆ ಸಾಗುತ್ತಿತ್ತು.

ಆ ಕೈಗಳು ಕ್ರಮೇಣ ಕಡಿಮೆಯಾದವು. ಪಾಳಿಯ ಕೆಲಸ, ದೂರ ದೂರದ ಮನೆಗಳು, ದೂರದರ್ಶನ, ಮಕ್ಕಳ ಪರೀಕ್ಷೆ ಎಲ್ಲವೂ ಸೇರಿ ಓದುವವರನ್ನು ಬೇರೆ ಬೇರೆ ಮಾಡಿದವು. ಸಾತಪುರದಂಥ ಊರಿನಲ್ಲಿ ಪಕ್ಕದ ಬೀದಿಯ ಕನ್ನಡಿಗನ ಜಿಲ್ಲೆ ಯಾವುದು, ಕಾರ್ಖಾನೆ ಯಾವುದು ಎಂದು ಗೊತ್ತಿರುತ್ತದೆ. ಅವನು ಏನು ಓದುತ್ತಾನೆಂಬುದು ಗೊತ್ತಿರುವುದಿಲ್ಲ. ಜಾಲದ ಕೂಟವು ತುಂಬಿದ್ದು ಈ ಕೊರತೆಯನ್ನು.

ಅದಕ್ಕೂ ಒಂದು ಪೂರ್ವಚರಿತ್ರೆ ಉಂಟು. ಗಣಕದಲ್ಲಿ ಕನ್ನಡ ಮೂಡುವುದೇ ಮೊದಲು ಸಾಹಸವಾಗಿತ್ತು. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು. 1998ರಲ್ಲಿ ‘ಬರಹ’ ತಂತ್ರಾಂಶ ಬಂದಿತು. ಆದರೂ ಒಂದು ಗಣಕದಲ್ಲಿ ಟೈಪು ಮಾಡಿದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು, ಏಕೆಂದರೆ ಒಂದೊಂದು ಅಕ್ಷರಶೈಲಿಗೂ ಒಂದೊಂದು ಸಂಕೇತ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇತ್ತು. ಅದು ಎಲ್ಲ ಯಂತ್ರಗಳಿಗೂ ಮೊಬೈಲುಗಳಿಗೂ ಹರಡಿದ ಮೇಲೆ ತೊಡಕು ಬಿಡಿಸಿತು. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಸಂಘಗಳ ಸಭಾಂಗಣಗಳೂ ಗ್ರಂಥಾಲಯಗಳೂ ಮುಚ್ಚಿದವು. ಆಗ ಅನೇಕ ಕನ್ನಡ ಸಂಘಗಳು ಜಾಲದಲ್ಲೇ ಸಭೆ ಸೇರಲು ಕಲಿತವು. ರೋಗ ಇಳಿದ ಮೇಲೂ ಆ ಅಭ್ಯಾಸ ಉಳಿಯಿತು.

ಈ ಕೂಟಕ್ಕೆ ಸೇರಿದವರಿಗೆ ಸಿಗುವುದೇನು? ಮೊದಲನೆಯದು, ಬೇರೆ ಸೀಮೆಯ ಕನ್ನಡಿಗರ ಸ್ನೇಹ. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ವಿಜಯಪುರದ ಕಡೆಯವನು ಒಬ್ಬನೇ ಓದತೊಡಗಿದರೆ ಹತ್ತನೆಯ ಪುಟದಲ್ಲಿ ಮುಚ್ಚಿಟ್ಟಾನು. ಅದೇ ಸೀಮೆಯವರೊಬ್ಬರು ಕೂಟದಲ್ಲಿದ್ದು ಎರಡು ಪುಟ ಗಟ್ಟಿಯಾಗಿ ಓದಿದರೆ, ಕಣ್ಣಿಗೆ ಕಠಿಣವಾಗಿದ್ದದ್ದು ಕಿವಿಗೆ ಸುಲಭವಾಗುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದುವಾಗ ಕರಾವಳಿಯವರು ಅದೇ ಉಪಕಾರವನ್ನು ಉಳಿದವರಿಗೆ ಮಾಡಿಯಾರು. ವಾಚನ, ವ್ಯಾಖ್ಯಾನ ಎಂಬ ಗಮಕದ ಹಳೆಯ ಜೋಡಿ ಇಲ್ಲಿ ತಾನಾಗಿಯೇ ಮರಳಿ ಬರುತ್ತದೆ.

ಎರಡನೆಯದು ನಮ್ಮ ಮಕ್ಕಳ ಪ್ರಶ್ನೆ. ನಿಜವಾಗಿ ಚಿಂತೆ ಇರುವುದು ಇಲ್ಲಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲಿಯುತ್ತಾರೆ. ಅನೇಕರಿಗೆ ಕನ್ನಡ ಲಿಪಿ ಬಾರದು. ಅವರನ್ನು ಓದುಗರಲ್ಲವೆಂದು ಹೊರಗಿಡಬೇಕೆ? ಪುಣೆಯ ಉಮಾ ಕುಲಕರ್ಣಿಯವರು ಕಾರಂತ, ಭೈರಪ್ಪನವರ ಕಾದಂಬರಿಗಳನ್ನು ಮರಾಠಿಗೆ ತಂದು ಮಹಾರಾಷ್ಟ್ರದ ಮನೆಮನೆಗೆ ತಲುಪಿಸಿದರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಗಟ್ಟಿಯಾಗಿ ಓದಿದ ಕನ್ನಡವನ್ನು ಕೇಳಿಕೊಂಡು ಅವರು ಅನುವಾದ ಮಾಡಿದರು. ಕಿವಿಯಿಂದ ಕೇಳಿದ ಕನ್ನಡ ಇಷ್ಟು ದೊಡ್ಡ ಕೆಲಸಕ್ಕೆ ಸಾಕಾದರೆ, ನಮ್ಮ ಮಕ್ಕಳ ಆರಂಭಕ್ಕೆ ಸಾಲದೆ? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ತಾಯಿ ಕನ್ನಡದಲ್ಲೂ ಮಗಳು ಇಂಗ್ಲಿಷಿನಲ್ಲೂ ಅದೇ ಕಥೆಯನ್ನು ಓದಿ ಒಂದೇ ಕೂಟದಲ್ಲಿ ಮಾತನಾಡಬಹುದು. ಆ ಮಾತು ಕನ್ನಡದಲ್ಲಿ ನಡೆದರೆ, ಲಿಪಿ ಕಲಿಯುವ ಆಸೆ ಇಂದಲ್ಲ ನಾಳೆ ಹುಟ್ಟೀತು.

ಇಂಥ ಕೂಟಗಳಿಗೆ ಅಪಾಯಗಳೂ ಇವೆ. ಬೆಳಗಾದರೆ ಶುಭಾಶಯದ ಚಿತ್ರಗಳು ಬಂದು ಬೀಳುವ ಗುಂಪಿನಲ್ಲಿ ಪುಸ್ತಕದ ಮಾತು ಮುಳುಗಿಹೋಗುತ್ತದೆ. ಅದಕ್ಕೆ ಒಬ್ಬ ಸಂಚಾಲಕನ ನಯವಾದ ಕಟ್ಟುನಿಟ್ಟು ಬೇಕು. ಇದಕ್ಕಿಂತ ದೊಡ್ಡ ದೋಷವೆಂದರೆ ಹೊಸ ಪುಸ್ತಕಗಳ ಕದ್ದ ಪ್ರತಿಗಳನ್ನು ಧರ್ಮಕ್ಕೆ ಹಂಚುವುದು. ಲೇಖಕರು ಗತಿಸಿದ ವರ್ಷ ಮುಗಿದು 60 ವರ್ಷ ಕಳೆಯುವವರೆಗೆ ಕೃತಿಸ್ವಾಮ್ಯ ಇರುತ್ತದೆಂಬುದು ನಮ್ಮ ದೇಶದ ಕಾನೂನು. ಆ ಲೆಕ್ಕದಲ್ಲಿ ಗಳಗನಾಥರ ಬರಹ 2003ರಿಂದ, 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಬರಹ 2024ರಿಂದ ಎಲ್ಲರ ಸ್ವತ್ತು. ಇಂದಿನ ಲೇಖಕರ ಪುಸ್ತಕವನ್ನು ಮಾತ್ರ ಕೊಂಡೇ ಓದಬೇಕು. ಮುಂಗಡ ಚಂದಾ ಕಟ್ಟಿ ಗ್ರಂಥಮಾಲೆಯನ್ನು ಉಳಿಸಿದ ಹಿರಿಯರ ಮಕ್ಕಳು ನಾವು. ಒಂದು ಪುಸ್ತಕದ ಬೆಲೆಗೆ ಹಿಂಜರಿಯುವುದು ನಮಗೆ ಶೋಭಿಸದು.

ಸಾತಪುರದಲ್ಲಿ ಕನ್ನಡ ಓದುವ ಹತ್ತು ಮನೆಗಳು ಸೇರಿದರೂ ಒಂದು ಕೂಟಕ್ಕೆ ಸಾಕು. ಮೊದಲ ಪುಸ್ತಕ ತೆಳ್ಳಗಿರಲಿ. ಪಾಳಿಯವರಿಗೂ ಒಗ್ಗುವ ಹೊತ್ತನ್ನು ಗೊತ್ತುಮಾಡಿಕೊಳ್ಳಲಿ. ಪ್ರತಿ ಸಭೆಯಲ್ಲಿ ಕಾಲುಗಂಟೆ ಯಾರಾದರೂ ಗಟ್ಟಿಯಾಗಿ ಓದಲಿ. ಆ ಕಾಲುಗಂಟೆ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ಜಾಲದಲ್ಲಿ ಮುಖಪರಿಚಯವಾದವರು ವರ್ಷಕ್ಕೆರಡು ಸಲವಾದರೂ ಒಂದೆಡೆ ಸೇರಿ, ಊಟ ಮಾಡಿ, ಓದಿ ಮುಗಿಸಿದ ಪುಸ್ತಕಗಳನ್ನು ಬದಲಿಸಿಕೊಳ್ಳಲಿ. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಹಂಚಿದ್ದೂ, ನೂರು ವರ್ಷದ ಹಿಂದೆ ಗಳಗನಾಥರು ಹೊತ್ತದ್ದೂ ಇದನ್ನೇ. ಇನ್ನು ಹೊರುವ ಸರದಿ ನಮ್ಮದು. ಹೊರೆಯಂತೂ ಈಗ ಬಹಳ ಹಗುರ.