ಗುಡುಗು ಮಳೆ ಹೊತ್ತೊಯ್ಯುವ ಹೊಗೆ

ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಸಿಡಿಲಿನೊಂದಿಗೆ ಸುರಿದ ಮಳೆ ನಿಂತಾಗ, ಬೆಂಗಳೂರಿನ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಗಾಳಿ ತೊಳೆದಿಟ್ಟಂತೆ ಭಾಸವಾಗುತ್ತದೆ. ಇದು ಅರ್ಧ ಸತ್ಯ ಮಾತ್ರ. ಧೂಳು ಹಾಗೂ ನೀರಿನಲ್ಲಿ ಕರಗುವ ಅನಿಲಗಳ ಬಹುಪಾಲು ಮಳೆಯೊಂದಿಗೆ ನೆಲಕ್ಕಿಳಿಯುತ್ತದೆ. ಆದರೆ ವಾಹನಗಳ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ನೀರಿನಲ್ಲಿ ಅಷ್ಟಾಗಿ ಕರಗದು. ಅದು ಮೋಡದೊಳಗೆ ಸೇರಿ ಮೇಲಕ್ಕೆ ಸಾಗುತ್ತದೆ.

ಬಿಸಿಲಿಗೆ ಕಾದ ನೆಲದ ಮೇಲಿನ ತೇವಭರಿತ ಗಾಳಿ ಹಗುರಾಗಿ ಮೇಲೇರುವುದಕ್ಕೆ ಸಂವಹನ ಎಂದು ಹೆಸರು. ಏರಿದ ಗಾಳಿಯಲ್ಲಿನ ಆವಿ ಹನಿಯಾಗುವಾಗ ಶಾಖ ಬಿಡುಗಡೆಯಾಗಿ ಏರುವ ವೇಗ ಇನ್ನಷ್ಟು ಹೆಚ್ಚುತ್ತದೆ. ಉಷ್ಣವಲಯದ ಬಲಿಷ್ಠ ಗುಡುಗು ಮೋಡದ ನೆತ್ತಿ 15 ಕಿ.ಮೀ. ಎತ್ತರವನ್ನೂ ದಾಟಬಲ್ಲದು. ಬೇರೆ ದಿನಗಳಲ್ಲಿ ವಾರಗಟ್ಟಲೆ ಹಿಡಿಯುವ ಪಯಣವನ್ನು ನೆಲದ ಗಾಳಿ ಇಂಥ ಮೋಡದೊಳಗೆ ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ.

ಮಿಂಚಿನ ಪಾತ್ರ ಬೇರೆಯೇ ಆಗಿದೆ. ಸುಮಾರು 30,000 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಗಾಳಿಯ ಸಾರಜನಕ, ಆಮ್ಲಜನಕಗಳ ಅಣುಗಳು ಒಡೆದು ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಜಗತ್ತಿನಾದ್ಯಂತ ಮಿಂಚು ಹೀಗೆ ಬಂಧಿಸುವ ಸಾರಜನಕ ವರ್ಷಕ್ಕೆ 20ರಿಂದ 80 ಲಕ್ಷ ಟನ್ ಎಂಬುದು ವಿಜ್ಞಾನಿಗಳ ಅಂದಾಜು. ಇಂಧನ ದಹನದ ಕೊಡುಗೆಗಿಂತ ಇದು ಕಡಿಮೆಯೇ. ಆದರೆ ಎಲ್ಲಿ ಸೇರುತ್ತದೆ ಎಂಬುದೇ ಮುಖ್ಯ. ನೆಲಮಟ್ಟದಲ್ಲಿ ಕೆಲವೇ ಗಂಟೆ ಉಳಿಯುವ ಈ ಅನಿಲ ಮೇಲೆ ಹಲವು ದಿನ ಉಳಿದು, ಇಂಗಾಲದ ಮಾನಾಕ್ಸೈಡ್ ಮತ್ತು ಬಿಸಿಲಿನ ನೆರವಿನಿಂದ ಓಝೋನನ್ನು ಸೃಷ್ಟಿಸುತ್ತಲೇ ಇರುತ್ತದೆ. ಇದು ಇನ್ನೂ ಮೇಲಿರುವ ರಕ್ಷಾಕವಚದ ಓಝೋನ್ ಪದರವಲ್ಲ. ಈ ಎತ್ತರದಲ್ಲಿ ಓಝೋನ್ ಪ್ರಬಲ ಹಸಿರುಮನೆ ಅನಿಲ. ಜೊತೆಗೆ ಇದೇ ಕ್ರಿಯಾಸರಣಿಯಲ್ಲಿ ಹೆಚ್ಚುವ ಹೈಡ್ರಾಕ್ಸಿಲ್, ಮತ್ತೊಂದು ಹಸಿರುಮನೆ ಅನಿಲವಾದ ಮೀಥೇನನ್ನು ನಾಶಪಡಿಸುತ್ತದೆ. ಮಿಂಚನ್ನು ಬರಿಯ ಖಳನೆನ್ನಲಾಗದು.

ಮುಂಗಾರಿನಲ್ಲಿ ಈ ಸಾಗಣೆ ಇಡೀ ಏಷ್ಯಾ ವ್ಯಾಪ್ತಿಯಲ್ಲಿ ನಡೆಯುತ್ತದೆ. ಮೇಲೇರಿದ ಮಾಲಿನ್ಯ ಉಪಖಂಡದ ನೆತ್ತಿಯ ಮೇಲಿನ ಬೃಹತ್ ಸುಳಿಯಲ್ಲಿ ಸಿಲುಕಿ ಸುತ್ತುತ್ತಿರುತ್ತದೆ. ಒಂದು ಪಾಲು ಸಮೋಷ್ಣ ಮಂಡಲವನ್ನೂ ಸೇರುತ್ತದೆ. ಅಲ್ಲಿ, ಸುಮಾರು 13ರಿಂದ 18 ಕಿ.ಮೀ. ಎತ್ತರದಲ್ಲಿ, ಸೂಕ್ಷ್ಮ ಕಣಗಳ ಪದರವೊಂದಿರುವುದನ್ನು 2011ರಲ್ಲಿ ಉಪಗ್ರಹ ಮಾಹಿತಿಯಿಂದ ಗುರುತಿಸಲಾಯಿತು. 2014ರಿಂದ ಇಸ್ರೋ ಮತ್ತು ನಾಸಾ ವಿಜ್ಞಾನಿಗಳು ಹೈದರಾಬಾದ್ ಮುಂತಾದೆಡೆಗಳಿಂದ ಬಲೂನುಗಳನ್ನು ಹಾರಿಸಿ ಅದನ್ನು ಅಳೆದರು. 2017ರಲ್ಲಿ ಕಠ್ಮಂಡುವಿನಿಂದ ಹಾರಿದ ಸಂಶೋಧನಾ ವಿಮಾನ ಅಲ್ಲಿ ಅಮೋನಿಯಂ ನೈಟ್ರೇಟ್ ಕಣಗಳನ್ನು ಪತ್ತೆ ಹಚ್ಚಿತು. ಅದರ ಮೂಲವಾದ ಅಮೋನಿಯ ಹೊಲದ ಗೊಬ್ಬರ ಮತ್ತು ಜಾನುವಾರುಗಳಿಂದ ಹೊಮ್ಮುವಂಥದು. ನೀರಿನಲ್ಲಿ ಸುಲಭವಾಗಿ ಕರಗುವ ಆ ಅನಿಲವೂ ಮಳೆಯಿಂದ ತಪ್ಪಿಸಿಕೊಂಡು ಅಷ್ಟೆತ್ತರಕ್ಕೆ ತಲುಪಿತ್ತು.