ಕೈ ಅಳೆದ ಮದ್ದು

ಈಡು ಹಾರಿದ ಮೇಲೆ ಗುಂಡು ಹೋಯಿತು, ಮದ್ದು ಉರಿಯಿತು, ಅದಕ್ಕೆ ಕಿಡಿ ಹೊತ್ತಿಸಿದ ಕೇಪು ಸತ್ತಿತು. ಉಳಿಯುವುದು ಹಿತ್ತಾಳೆ ಚಿಪ್ಪೊಂದೇ. ತೋಟಾದಲ್ಲಿ ಬೆಲೆಬಾಳುವುದೂ ಅದೇ. ಅದನ್ನು ಹೆಕ್ಕಿ ತಂದು ಮತ್ತೆ ತುಂಬುವ ಕಸುಬು ಅಮೆರಿಕದಲ್ಲಿ ಹಳೆಯದು. 1870ರ ದಶಕದ ಕಾಡೆಮ್ಮೆ ಬೇಟೆಗಾರರು ರಾತ್ರಿ ಬಿಡಾರದಲ್ಲಿ ಕೂತು ಮರುದಿನದ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಕರಿಮದ್ದು ಚಿಪ್ಪಿನ ತುಂಬಾ ಹಿಡಿಯುತ್ತಿದ್ದುದರಿಂದ ಅಳತೆ ಮೀರಲು ಒಳಗೆ ಜಾಗವೇ ಇರಲಿಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿಯುವ ಮಲೆನಾಡಿನ ಕೇಪಿನ ಕೋವಿಗೆ ಆ ರಕ್ಷಣೆಯೂ ಇಲ್ಲ; ಅಲ್ಲಿ ಅಂಗೈಯೇ ತಕ್ಕಡಿ. ತೋಟಾ ತಯಾರಿಸಲು ನಮ್ಮಲ್ಲಿ ಪರವಾನಗಿ ಬೇಕೇ ಬೇಕು, ಆದ್ದರಿಂದ ಚಿಪ್ಪು ಮರುತುಂಬುವ ಕಸುಬು ಇಲ್ಲಿ ಹವ್ಯಾಸವಾಗಿ ಬೆಳೆಯಲಿಲ್ಲ.

1884ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ನ್ಯೂ ಹೇವನ್ನಿನಲ್ಲಿ ಜಾನ್ ಬಾರ್ಲೊ ಮನೆಯಲ್ಲೇ ತೋಟಾ ತುಂಬುವ ಉಪಕರಣಗಳ ಐಡಿಯಲ್ ಕಂಪನಿ ತೆರೆದ. ಫ್ರಾನ್ಸಿನಲ್ಲಿ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಹೊಸ ಮದ್ದು ಸ್ವಲ್ಪದರಲ್ಲೇ ಬಹಳ ಬಲ ಕೊಡುತ್ತಿತ್ತು. ಕೆಲವು ಚಿಪ್ಪುಗಳಿಗೆ ಮರೆತು ಎರಡು ಸಲ ಸುರಿದರೂ ಹಿಡಿಸುತ್ತಿತ್ತು. ಮದ್ದನ್ನು ಚಮಚದಲ್ಲಿ ಅಳೆಯುವ ಕಾಲ ಮುಗಿದು, ಒಂದು ಪೌಂಡಿನ ಏಳು ಸಾವಿರದಲ್ಲೊಂದು ಪಾಲಾದ ಗ್ರೇನ್ ಲೆಕ್ಕದ ತಕ್ಕಡಿ ಬಂತು. ತಯಾರಕರು ಪರೀಕ್ಷಿಸಿ ಅಚ್ಚುಹಾಕಿದ ಅಳತೆಪಟ್ಟಿಗಳೂ ಬಂದವು.

ಆದರೂ ಒಂದು ಕಾವಲು ಉಳಿದಿತ್ತು, ಹಾರಿಸುವವನ ಅಂಗೈ. ತೋಟಾವನ್ನು ಒಳಗೆ ಕೂರಿಸಿ ಮುಚ್ಚುವ ಬೋಲ್ಟನ್ನು ಕೈಯಿಂದ ತಳ್ಳುವ ರೈಫಲಿನಲ್ಲಿ ತೋಟಾ ಸ್ವಲ್ಪ ದಪ್ಪಗಿದ್ದರೂ ಬಿಗಿತ ಕೈಗೆ ತಿಳಿಯುತ್ತದೆ, ಅಲ್ಲಿಗೇ ನಿಲ್ಲಿಸಬಹುದು. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಗ್ಯಾರಂಡ್ ಎಂಬ ಅರೆಸ್ವಯಂಚಾಲಿತ ರೈಫಲ್ ಆ ಕೈಯನ್ನೇ ತೆಗೆದುಹಾಕಿತು. ಸ್ಪ್ರಿಂಗಿನ ಬಲದಲ್ಲಿ ಬೋಲ್ಟ್ ಮುಂದಕ್ಕೆ ಬಡಿಯುತ್ತದೆ. ಬಿಗಿಯಿದೆಯೇ ಎಂದು ಅದು ಯಾರನ್ನೂ ಕೇಳುವುದಿಲ್ಲ. ಕೇಪಿಗೆ ಬಡಿಯುವ ಫೈರಿಂಗ್ ಪಿನ್ನನ್ನು ಹಿಡಿದಿಡುವ ಸ್ಪ್ರಿಂಗೂ ಅದಕ್ಕಿಲ್ಲ. ಕೇಪು ಚಿಪ್ಪಿನ ತಳಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಿದ್ದರೆ ಕುದುರೆ ಒತ್ತುವ ಮೊದಲೇ ಈಡು ಹಾರಬಹುದು, ಬೋಲ್ಟ್ ಪೂರ್ತಿ ಮುಚ್ಚಿರದಿದ್ದರೂ.

ಅನಿಲದ ಲೆಕ್ಕ ಬೇರೆ. ನಳಿಗೆಯ ತುದಿಯ ಹತ್ತಿರದ ಸಣ್ಣ ತೂತಿನಿಂದ ಬರುವ ಅನಿಲವೇ ಗ್ಯಾರಂಡಿನ ಯಂತ್ರವನ್ನು ಓಡಿಸುವುದು. ತೀರ ನಿಧಾನವಾಗಿ ಉರಿಯುವ ಮದ್ದು ಹಾಕಿದರೆ ಅಲ್ಲಿ ಒತ್ತಡ ಹೆಚ್ಚಿ, ಬೋಲ್ಟನ್ನು ಹಿಂದಕ್ಕೊಯ್ಯುವ ಸರಳು ಬಾಗಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾನ್ಸಾಸಿನ ಬ್ರೂಸ್ ಹಾಜ್ಡನ್ ಸೇನೆಯಲ್ಲಿ ಮಿಕ್ಕ 4895 ಎಂಬ ಮದ್ದನ್ನು ಕೊಂಡು ಹವ್ಯಾಸಿಗಳಿಗೆ ಮಾರಿದ. ಅದು ಇದೇ ರೈಫಲಿನ ತೋಟಾಗಳಿಗೆ ಬಳಸಿದ್ದ ಮದ್ದು!

ಮದ್ದಿಗೂ ಯಂತ್ರಕ್ಕೂ ಹೊಂದದಿದ್ದರೆ ಏನಾಗುತ್ತದೆಂದು ಅಮೆರಿಕದ ಸರ್ಕಾರವೇ ಕಲಿಯಬೇಕಾಯಿತು. 1964ರಲ್ಲಿ ಅದರ ಸೇನೆಯ ಎಂ-16 ರೈಫಲಿನ ತೋಟಾಕ್ಕೆ ಬೇರೆ ಮದ್ದು ಬಂತು. ಹಾರಿಸುವ ವೇಗ ಏರಿತು, ಮಸಿ ಹೆಚ್ಚಿತು. ವಿಯೆಟ್ನಾಮಿನಲ್ಲಿ ರೈಫಲುಗಳು ಸಿಕ್ಕಿಹಾಕಿಕೊಂಡವು. 1967ರಲ್ಲಿ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿತು.

ಕಾವಲು ಈಗ ಅಂಗೈಯಿಂದ ಮನೆಯ ಮೇಜಿಗೆ ಬಂದಿದೆ. ಹವ್ಯಾಸಿಗಳು ಚಿಪ್ಪನ್ನು ಕತ್ತಿನಲ್ಲಷ್ಟೇ ಅಲ್ಲ, ಉದ್ದಕ್ಕೂ ಒತ್ತಿ ಮೂಲ ಗಾತ್ರಕ್ಕೆ ತರುತ್ತಾರೆ, ಗೇಜಿನಲ್ಲಿ ಇಳಿಸಿ ನೋಡುತ್ತಾರೆ. ಬಲವಾಗಿ ಬಡಿದರಷ್ಟೇ ಸಿಡಿಯುವ ಸೇನಾ ಮಾದರಿಯ ಕೇಪುಗಳನ್ನು ಸಿಸಿಐ ಕಂಪನಿ ಮಾರುತ್ತದೆ. ಕೂರಿಸಿದ ಪ್ರತಿ ಕೇಪಿನ ಮೇಲೂ ಬೆರಳಾಡಿಸಿ ನೋಡುವುದು ವಾಡಿಕೆ. ಗ್ಯಾರಂಡಿಗೆ ತುಂಬಿ, ಹಾರಿಸದೆ ಹೊರತೆಗೆದ ತೋಟಾದ ಕೇಪನ್ನು ಬೆಳಕಿಗೆ ಹಿಡಿದರೆ, ಫೈರಿಂಗ್ ಪಿನ್ ಮುಟ್ಟಿಹೋದ ಸಾಸಿವೆಗಿಂತ ಸಣ್ಣ ಕುಳಿಯೊಂದು ಕಾಣುತ್ತದೆ.